ದೆವ್ವಕ್ಕೆ ದುಡ್ಡು ಜಾಸ್ತಿಯಾದರೆ

(ಸಿನಿಮಾ ಪ್ರಿಯರ ಒಂದು ಸಂಜೆಯ ಕೂಟದಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಸಿನಿಮಾ ಮಾಡುವವನಲ್ಲ, ನೋಡುವವನು. ವಿಮರ್ಶಕನೂ ಅಲ್ಲ. ಹಾರರ್ ಸಿನಿಮಾ ಅಂದರೆ ಒಳ್ಳೆಯದೋ ಕೆಟ್ಟದ್ದೋ, ನೋಡಿಯೇ ಬಿಡುವ ಚಟ ಇರುವವನು. ಈ ಚಟದವರಿಗೆ ಒಂದು ತೊಂದರೆ ಇದೆ. ಮನೆಯಲ್ಲಿ ಜೊತೆಗೆ ಕೂತು ನೋಡುವವರು ಸಿಗುವುದಿಲ್ಲ. ಸಿಕ್ಕರೂ ಅರ್ಧ ಗಂಟೆಯೊಳಗೆ ಅದೇ ಪ್ರಶ್ನೆ ಬರುತ್ತದೆ: "ಇವಳು ಯಾಕೆ ಒಬ್ಬಳೇ ಆ ಕೋಣೆಗೆ ಹೋಗ್ತಾಳೆ? ಲೈಟ್ ಹಾಕೋಕೆ ಏನು ರೋಗ?"

ನ್ಯಾಯವಾದ ಪ್ರಶ್ನೆಯೇ. ಹಾರರ್ ಸಿನಿಮಾದಲ್ಲಿ ಇರುವಷ್ಟು ಕಟ್ಟುಪಾಡು ಬೇರೆ ಸಿನಿಮಾಗಳಲ್ಲಿ ಇಲ್ಲ. ಊರಾಚೆ ಒಂದು ಹಳೇ ಬಂಗಲೆ. ಮಳೆ. ಸರಿಯಾದ ಹೊತ್ತಿಗೆ ಹೋಗುವ ಕರೆಂಟು. "ಅಲ್ಲಿಗೆ ಹೋಗಬೇಡಿ" ಅಂತ ಹೇಳುವ ಗಡ್ಡದ ಮುದುಕ. ಬಾತ್‌ರೂಮಿನ ಕನ್ನಡಿ ಬಾಗಿಲು ಮುಚ್ಚಿದ ಕೂಡಲೇ ಹಿಂದೆ ನಿಂತಿರುವ ಮುಖ. ಮೊದಲು ಫೋನಿನ ವೈರು ಕತ್ತರಿಸುತ್ತಿದ್ದರು, ಈಗ ಮೊಬೈಲಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಈ ಕೊನೆಯದನ್ನು ನೋಡಿ ಬೆಂಗಳೂರಿನವರು ನಗುತ್ತಾರೆ. ನಮ್ಮ ಮಲೆನಾಡಿನ ಕಡೆಯವರು ನಗುವುದಿಲ್ಲ. ಅಲ್ಲಿ ಅದು ಸಿನಿಮಾ ತಂತ್ರ ಅಲ್ಲ, ದಿನನಿತ್ಯದ ಪಾಡು.

ಇವನ್ನೆಲ್ಲ ನೋಡಿ ಜನ ಹೇಳುವುದು ಒಂದೇ: ಇವರಿಗೆ ತಲೆ ಇಲ್ಲ, ಒಬ್ಬ ಮಾಡಿದ್ದನ್ನು ಇನ್ನೊಬ್ಬ ನಕಲು ಮಾಡುತ್ತಾನೆ. ನಕಲು ನಿಜ. ಆದರೆ ಮೊದಲು ಮಾಡಿದವನು ಯಾಕೆ ಹಾಗೆ ಮಾಡಿದ ಅಂತ ಹುಡುಕಿಕೊಂಡು ಹೋದರೆ ಬಹಳ ಸಲ ಸಿಗುವ ಕಾರಣ ಕಲೆಯದ್ದಲ್ಲ, ಕೊರತೆಯದ್ದು. ದುಡ್ಡಿರಲಿಲ್ಲ. ದಿನ ಇರಲಿಲ್ಲ. ಯಂತ್ರ ಕೆಟ್ಟು ಕೂತಿತ್ತು. ಇರುವುದರಲ್ಲಿ ಹೆದರಿಸಬೇಕಿತ್ತು, ಹೆದರಿಸಿದರು. ಆಮೇಲೆ ಬಂದವರ ಹತ್ತಿರ ದುಡ್ಡಿತ್ತು, ಯಂತ್ರವೂ ಓಡುತ್ತಿತ್ತು. ಆದರೂ ಅದನ್ನೇ ಮಾಡಿದರು. ನನಗೆ ಅನ್ನಿಸುವುದು ಇಷ್ಟು: ಹಾರರ್ ಕೆಡುವುದು ಕೊರತೆಯಿಂದಲ್ಲ, ಕೊರತೆ ಹೋದ ಮೇಲೂ ಅಭ್ಯಾಸ ಉಳಿದುಕೊಂಡಾಗ. ಇವತ್ತು ನಾನು ಹೇಳುವುದೆಲ್ಲ ಇದರ ಸುತ್ತಲೇ ಸುತ್ತುತ್ತದೆ.

ಒಂದು ಬಸ್ಸಿನಿಂದ ಶುರು ಮಾಡುತ್ತೇನೆ.

1942. ಹಾಲಿವುಡ್ಡಿನ ಆರ್‌ಕೆಓ ಸ್ಟುಡಿಯೋ ದುಡ್ಡಿನ ಕಷ್ಟದಲ್ಲಿತ್ತು. ವ್ಯಾಲ್ ಲ್ಯೂಟನ್ ಅನ್ನುವ ನಿರ್ಮಾಪಕನನ್ನು ಕರೆದು, ಕಡಿಮೆ ಖರ್ಚಿನಲ್ಲಿ ಹಾರರ್ ಮಾಡಿಕೊಡು ಅಂದರು. ಷರತ್ತುಗಳನ್ನು ಕೇಳಿ. ಒಂದೊಂದು ಸಿನಿಮಾಕ್ಕೆ ಒಂದೂವರೆ ಲಕ್ಷ ಡಾಲರಿಗಿಂತ ಜಾಸ್ತಿ ಆಗಬಾರದು. ಒಂದೂಕಾಲು ಗಂಟೆಯೊಳಗೆ ಮುಗಿಯಬೇಕು. ಹೆಸರನ್ನು ಸ್ಟುಡಿಯೋದವರೇ ಕೊಡುತ್ತಾರೆ, ಆ ಹೆಸರಿಗೆ ತಕ್ಕ ಕಥೆಯನ್ನು ನೀನು ಮಾಡಿಕೋ. ಅವರು ಕೊಟ್ಟ ಮೊದಲ ಹೆಸರು 'ಕ್ಯಾಟ್ ಪೀಪಲ್'. ಬೆಕ್ಕಿನ ಮನುಷ್ಯರು. ಈ ಹೆಸರು ಇಟ್ಟುಕೊಂಡು ಮರ್ಯಾದೆಯಾಗಿ ಒಂದು ಸಿನಿಮಾ ಮಾಡಿ ನೋಡೋಣ, ಅಲ್ವಾ?

ಲ್ಯೂಟನ್ ಮತ್ತು ನಿರ್ದೇಶಕ ಜಾಕ್ ಟೂರ್ನರ್ ಮಾಡಿದರು. ತಾನು ಕರಿಚಿರತೆಯಾಗಿ ಬದಲಾಗುತ್ತೇನೆ ಅಂತ ನಂಬಿರುವ ಒಬ್ಬ ಹೆಂಗಸಿನ ಕಥೆ. ಹೆಂಗಸು ಚಿರತೆಯಾಗುವುದನ್ನು ತೋರಿಸಲು ದುಡ್ಡು ಎಲ್ಲಿದೆ? ಸೆಟ್ ಹಾಕುವುದಕ್ಕೂ ಇರಲಿಲ್ಲ. ಅದೇ ವರ್ಷ ಅದೇ ಸ್ಟುಡಿಯೋದಲ್ಲಿ ಬೇರೆಯವರ ದೊಡ್ಡ ಸಿನಿಮಾಕ್ಕೆ ಕಟ್ಟಿದ್ದ ಮೆಟ್ಟಿಲನ್ನೇ ತಂದು ಬಳಸಿಕೊಂಡರು. ಹಾಗಾಗಿ ಚಿರತೆಯನ್ನು ಆದಷ್ಟು ಕತ್ತಲಲ್ಲೇ ಇಟ್ಟರು.

ಅದರಲ್ಲಿ ಒಂದು ದೃಶ್ಯ. ಆಲಿಸ್ ಅನ್ನುವ ಇನ್ನೊಬ್ಬ ಹೆಂಗಸು ರಾತ್ರಿ ಪಾರ್ಕಿನ ಪಕ್ಕದ ರಸ್ತೆಯಲ್ಲಿ ನಡೆದು ಬರುತ್ತಿದ್ದಾಳೆ. ಒಂದು ಕಡೆ ಕಲ್ಲಿನ ಗೋಡೆ. ಅಲ್ಲೊಂದು ಇಲ್ಲೊಂದು ಬೀದಿ ದೀಪ. ದೀಪದ ಕೆಳಗೆ ಬೆಳಕು, ನಡುವೆ ಪೂರ್ತಿ ಕತ್ತಲು. ಹಿಂದೆ ಇನ್ನೊಂದು ಜೊತೆ ಹೈಹೀಲ್ಸ್ ಸದ್ದು. ಟಕ್ ಟಕ್ ಟಕ್. ಕ್ಯಾಮೆರಾ ಇವಳ ಕಾಲು ತೋರಿಸುತ್ತದೆ, ಅವಳ ಕಾಲು ತೋರಿಸುತ್ತದೆ. ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ. ನಡುವೆ ಯಾವುದೋ ಒಂದು ಕ್ಷಣದಲ್ಲಿ ಹಿಂದಿನ ಹೆಜ್ಜೆ ಸದ್ದು ನಿಂತುಹೋಗುತ್ತದೆ. ಆಲಿಸ್ ತಿರುಗಿ ನೋಡಿದರೆ ಯಾರೂ ಇಲ್ಲ. ಅವಳು ಓಡುತ್ತಾಳೆ, ದೀಪದ ಕಂಬ ಹಿಡಿದು ನಿಲ್ಲುತ್ತಾಳೆ. ಈಗ ಬಂತು, ಇನ್ನೇನು ಬಂತು ಅಂತ ನಾವು ಉಸಿರು ಬಿಗಿ ಹಿಡಿದಿರುವಾಗ ಪಕ್ಕದಿಂದ "ಹಿಸ್ಸ್" ಅಂತ ಬುಸುಗುಟ್ಟುವ ಸದ್ದು. ನುಗ್ಗಿ ಬಂದದ್ದು ಚಿರತೆಯಲ್ಲ. ಸಿಟಿ ಬಸ್ಸು. ಸದ್ದು ಬ್ರೇಕಿನದು.

ಜಂಪ್ ಸ್ಕೇರ್ ಅನ್ನುತ್ತೇವಲ್ಲ, ಕೂತವರನ್ನು ಕುರ್ಚಿಯಿಂದ ಎಬ್ಬಿಸುವ ಆ ಆಟ, ಅದರ ತಾಯಿಬೇರು ಈ ಬಸ್ಸು. ಸಿನಿಮಾ ಮಂದಿ ಇವತ್ತಿಗೂ ಈ ತಂತ್ರವನ್ನು 'ಲ್ಯೂಟನ್ ಬಸ್' ಅಂತಲೇ ಕರೆಯುತ್ತಾರೆ. ಅದನ್ನು ಕತ್ತರಿಸಿ ಜೋಡಿಸಿದ ಎಡಿಟರ್ ಮಾರ್ಕ್ ರಾಬ್ಸನ್ ಆಮೇಲೆ ತಾನೇ ನಿರ್ದೇಶಕನಾದ.

ಇದರ ಲೆಕ್ಕಾಚಾರ ನೋಡಿ. ಚಾಲಕನಿಗೆ ಕೊಟ್ಟ ದಿನದ ಕೂಲಿ ಬಿಟ್ಟರೆ ಆ ಹೆದರಿಕೆಗೆ ಹೆಚ್ಚೇನೂ ಖರ್ಚಾಗಿರಲಿಕ್ಕಿಲ್ಲ. ಕೆಲಸ ಮಾಡಿದ್ದು ಬಸ್ಸು ಬರುವುದಕ್ಕೆ ಮುಂಚಿನ ನಡಿಗೆ. ಎರಡು ಜೊತೆ ಕಾಲು, ಒಂದು ಸದ್ದು, ಆ ಸದ್ದು ನಿಲ್ಲುವುದು. ನಮ್ಮನ್ನು ಕಾಯಿಸಿದ್ದು ಅಷ್ಟೇ. ಈಗಿನ ಸಿನಿಮಾಗಳು ಆ ನಡಿಗೆಯನ್ನು ಬಿಟ್ಟು ಬರೀ ಬಸ್ಸನ್ನು ಇಟ್ಟುಕೊಂಡಿವೆ. ಐದು ನಿಮಿಷಕ್ಕೊಂದು ಬಸ್ಸು, ಬಿಎಂಟಿಸಿ ಕೂಡ ಅಷ್ಟು ಬಿಡುವುದಿಲ್ಲ. ಜಂಪ್ ಸ್ಕೇರ್ ಉಪ್ಪಿನಕಾಯಿ ಇದ್ದ ಹಾಗೆ. ಎಲೆಯ ತುದಿಯಲ್ಲಿ ಇದ್ದರೆ ಚೆಂದ, ಅದನ್ನೇ ಕಲಸಿಕೊಂಡು ಉಣ್ಣಲಿಕ್ಕಾಗುವುದಿಲ್ಲ.

ಮುಂದಿನದು ಮುಖವಾಡ. 1978ರಲ್ಲಿ ಬಂದ ಜಾನ್ ಕಾರ್ಪೆಂಟರ್‌ನ 'ಹ್ಯಾಲೋವೀನ್'. ಒಟ್ಟು ಬಜೆಟ್ ಸುಮಾರು 3 ಲಕ್ಷ ಡಾಲರು. ಕೊಲೆಗಾರನಿಗೆ ಮುಖವಾಡ ಬೇಕಿತ್ತು. ಹೊಸದಾಗಿ ಮಾಡಿಸುವ ಮಾತೇ ಇಲ್ಲ. ಕಲಾ ನಿರ್ದೇಶಕ ಟಾಮಿ ಲೀ ವ್ಯಾಲೇಸ್ ಅಂಗಡಿಗೆ ಹೋಗಿ ಎರಡು ಡಾಲರಿಗಿಂತ ಕಡಿಮೆ ಬೆಲೆಗೆ ಒಂದು ರಬ್ಬರ್ ಮುಖವಾಡ ತಂದ. ಅದು 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್ ಮುಖ. ಅಂದರೆ ನಟ ವಿಲಿಯಂ ಶಾಟ್ನರ್‌ನದು. ಅದಕ್ಕೆ ಬಿಳಿ ಬಣ್ಣ ಬಳಿದ, ಕಣ್ಣಿನ ತೂತು ದೊಡ್ಡದು ಮಾಡಿದ, ಕೂದಲು ಕೆದರಿದ. ಮುಗಿಯಿತು.

ಆ ಮುಖವನ್ನು ಒಮ್ಮೆ ಗಮನಿಸಿ ನೋಡಿ. ಕೋಪ ಇಲ್ಲ, ಕೋರೆಹಲ್ಲಿಲ್ಲ, ರಕ್ತ ಇಲ್ಲ. ಏನೂ ಇಲ್ಲ. ಅದೇ ಹೆದರಿಕೆ. ಕೋಪದಿಂದ ಬರುವವನ ಹತ್ತಿರ ಮಾತಾಡಿ ಸಮಾಧಾನ ಮಾಡಬಹುದು. ಮುಖದಲ್ಲಿ ಏನೂ ಇಲ್ಲದವನ ಹತ್ತಿರ ಏನು ಮಾತಾಡುತ್ತೀರಿ? ದುಡ್ಡಿದ್ದಿದ್ದರೆ ಖಂಡಿತ ಯಾರೋ ಒಬ್ಬರು ಅದಕ್ಕೆ ಗಾಯದ ಗುರುತು, ಕೆಂಪು ಕಣ್ಣು ಎಲ್ಲ ಸೇರಿಸಿ ಕೆಡಿಸುತ್ತಿದ್ದರು.

ಅದೇ ಸಿನಿಮಾದ ಇನ್ನೊಂದು ತಮಾಷೆ. ಕಥೆ ನಡೆಯುವುದು ಇಲಿನಾಯ್‌ನಲ್ಲಿ, ಅಕ್ಟೋಬರ್ ಕೊನೆಯಲ್ಲಿ, ಎಲೆ ಉದುರುವ ಕಾಲದಲ್ಲಿ. ಶೂಟಿಂಗ್ ಮಾಡಿದ್ದು ಕ್ಯಾಲಿಫೋರ್ನಿಯಾದಲ್ಲಿ, ವಸಂತದಲ್ಲಿ. ಮರಗಳೆಲ್ಲ ಹಸಿರು. ಕೃತಕ ಎಲೆಗಳಿಗೆ ಬಣ್ಣ ಬಳಿದು ರಸ್ತೆಗೆ ಸುರಿದು, ಶಾಟ್ ಮುಗಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿಕೊಂಡು, ಮುಂದಿನ ರಸ್ತೆಯಲ್ಲಿ ಮತ್ತೆ ಸುರಿಯುತ್ತಿದ್ದರು. ಸೂಕ್ಷ್ಮವಾಗಿ ನೋಡಿದರೆ ಹಿಂದೆ ಒಂದೆರಡು ಕಡೆ ತಾಳೆ ಜಾತಿಯ ಮರಗಳೂ ಕಾಣುತ್ತವೆ. ಅಂಥ ಸಿನಿಮಾ ಜಗತ್ತಿನಾದ್ಯಂತ ಸುಮಾರು 7 ಕೋಟಿ ಡಾಲರು ಗಳಿಸಿತು. ಆಮೇಲೆ ಹತ್ತು ವರ್ಷ ಅಮೆರಿಕದಲ್ಲಿ ಮುಖವಾಡ ಹಾಕಿಕೊಂಡು ಚಾಕು ಹಿಡಿದು ಓಡಾಡುವವರದೇ ಸುಗ್ಗಿ.

ಈ ಬಗೆಯ ಸಿನಿಮಾಗಳಲ್ಲಿ ಕೊನೆಗೆ ಒಬ್ಬಳೇ ಹುಡುಗಿ ಉಳಿಯುತ್ತಾಳೆ ಅನ್ನುವುದನ್ನು ನೀವು ಗಮನಿಸಿರುತ್ತೀರಿ. ಅವಳಿಗೆ 'ಫೈನಲ್ ಗರ್ಲ್' ಅಂತ ಹೆಸರಿಟ್ಟು ಬರೆದವರು ಕ್ಯಾರಲ್ ಕ್ಲೋವರ್, 1987ರಲ್ಲಿ. ಅದರ ಬಗ್ಗೆ ಪಂಡಿತರು ಬೇಕಾದಷ್ಟು ಚರ್ಚೆ ಮಾಡಿದ್ದಾರೆ, ನಾನು ಅಲ್ಲಿಗೆ ಹೋಗುವುದಿಲ್ಲ. ನನಗೆ ಅವಳು ಇಷ್ಟ ಆಗುವುದು ಬೇರೆ ಕಾರಣಕ್ಕೆ. ಇಡೀ ಸಿನಿಮಾದಲ್ಲಿ ಸುತ್ತಮುತ್ತ ಕಣ್ಣಾಡಿಸುವವಳು ಅವಳೊಬ್ಬಳೇ. ಉಳಿದವರೆಲ್ಲ ಅವರವರ ಲೋಕದಲ್ಲಿ ಇರುತ್ತಾರೆ. ಅವಳು ಕಿಟಕಿಯಾಚೆ ನೋಡುತ್ತಾಳೆ, ಬೇಲಿಯ ಪಕ್ಕ ಯಾರೋ ನಿಂತದ್ದನ್ನು ನೋಡುತ್ತಾಳೆ. ನಾವು ಪ್ರೇಕ್ಷಕರು ಮಾಡುವ ಕೆಲಸವೂ ಅದೇ.

ಈಗ ಯಂತ್ರ ಕೆಟ್ಟು ಕೂತ ಕಥೆ. 'ಜಾಸ್', 1975. ಇದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತದೆ, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಜನರನ್ನು ತಿನ್ನುವ ಶಾರ್ಕ್ ಮೀನಿನ ಕಥೆಗಾಗಿ ನಿರ್ದೇಶಕ ಸ್ಪೀಲ್‌ಬರ್ಗ್ ಯಾಂತ್ರಿಕ ಶಾರ್ಕ್ ಮಾಡಿಸಿದ್ದ. ಸಮುದ್ರದ ಉಪ್ಪುನೀರಿಗೆ ಇಳಿಸಿದ ಕೂಡಲೇ ಅದು ಕೈಕೊಡುತ್ತಿತ್ತು. 55 ದಿನ ಅಂದುಕೊಂಡಿದ್ದ ಶೂಟಿಂಗ್ 159 ದಿನ ಎಳೆಯಿತು. ಶಾರ್ಕ್ ಇಲ್ಲದೆ ಶಾರ್ಕಿನ ಸಿನಿಮಾ ಮಾಡಬೇಕಾಯಿತು. ಅದಕ್ಕೇ ಶಾರ್ಕಿಗೆ ಕಟ್ಟಿ, ಅದು ಎಲ್ಲಿದೆ ಅಂತ ನೀರಿನ ಮೇಲೆ ತೋರಿಸುವ ಆ ಹಳದಿ ಪೀಪಾಯಿಗಳು, ಆ ಎರಡೇ ಸ್ವರದ ಸಂಗೀತ. ಒಂದು ಗಂಟೆ ದಾಟುವವರೆಗೆ ಮೀನಿನ ಪೂರ್ತಿ ದರ್ಶನವೇ ಇಲ್ಲ.

ಮೃಗವನ್ನು ತಡವಾಗಿ ತೋರಿಸಬೇಕು ಅನ್ನುವುದನ್ನು ಇಡೀ ಜಗತ್ತು 'ಜಾಸ್' ನೋಡಿ ಕಲಿತೆವು ಅನ್ನುತ್ತದೆ. ಇಲ್ಲಿ ಮಾತ್ರ ನಾನು ಸ್ವಲ್ಪ ಊರ ಅಭಿಮಾನ ತೋರಿಸಬೇಕು. ಕರಾವಳಿಯ ಕಡೆಯವರು ಯಾರಾದರೂ ಇದ್ದೀರಾ? ಇದ್ದರೆ 'ಶ್ರೀ ದೇವಿ ಮಹಾತ್ಮೆ' ಆಟದಲ್ಲಿ ಮಹಿಷಾಸುರ ಬರುವುದನ್ನು ನೆನಪು ಮಾಡಿಕೊಳ್ಳಿ.

ನೋಡದವರಿಗೆ ಹೇಳುತ್ತೇನೆ. ತೆಂಕುತಿಟ್ಟಿನ ಬಯಲಾಟ, ಅಂದರೆ ಕರಾವಳಿಯ ದಕ್ಷಿಣ ಭಾಗದ ಶೈಲಿಯಲ್ಲಿ ಬಯಲಲ್ಲಿ ಆಡುವ ಯಕ್ಷಗಾನ. ರಾತ್ರಿ ಬಹಳ ಹೊತ್ತಾಗಿರುತ್ತದೆ. ಮಕ್ಕಳು ಚಾಪೆಯ ಮೇಲೆ ನಿದ್ದೆ ಹೋಗಿರುತ್ತಾರೆ. ಚೆಂಡೆಯ ಪೆಟ್ಟು ಬದಲಾಗುತ್ತದೆ. ರಂಗಸ್ಥಳ ಖಾಲಿ. ಎಲ್ಲರೂ ಮುಂದೆ ನೋಡುತ್ತಿದ್ದರೆ, ಆರ್ಭಟ ಕೇಳಿಸುವುದು ಹಿಂದಿನಿಂದ. ಜನರ ಹಿಂದೆ, ಗದ್ದೆಯ ಕತ್ತಲಿನ ಕಡೆಯಿಂದ. ತಿರುಗಿ ನೋಡಿದರೆ ದೊಂದಿಯ ಬೆಳಕು ಮಾತ್ರ. ದೊಂದಿಗೆ ರಾಳದ ಪುಡಿ ಎಸೆದಾಗ ಭಗ್ಗೆಂದು ಬೆಂಕಿ ಏಳುತ್ತದೆ. ಆ ಒಂದು ಕ್ಷಣದಲ್ಲಿ ಎರಡು ಕೋಡು ಕಾಣಿಸುತ್ತದೆ, ಮತ್ತೆ ಕತ್ತಲು. ಮತ್ತೆ ರಾಳ, ಈಗ ಅರ್ಧ ಮುಖ. ಹೀಗೆ ಕಂಡೂ ಕಾಣದ ಹಾಗೆ ಅವನು ಜನರ ನಡುವೆಯೇ ಬರುತ್ತಾನೆ. ನಿಮ್ಮ ಪಕ್ಕದಲ್ಲೇ ಹಾದು ಹೋಗುತ್ತಾನೆ. ಮಲಗಿದ್ದ ಮಕ್ಕಳೆಲ್ಲ ಎದ್ದು ಅಮ್ಮನ ಸೆರಗು ಹಿಡಿದಿರುತ್ತಾರೆ. ರಂಗಸ್ಥಳ ಹತ್ತುವ ಹೊತ್ತಿಗೆ ಅರ್ಧ ಯುದ್ಧ ಅವನೇ ಗೆದ್ದಿರುತ್ತಾನೆ.

ಇದರಲ್ಲಿ ಏನೇನಿದೆ ನೋಡಿ. ಮೊದಲು ಸದ್ದು, ಆಮೇಲೆ ಬೆಳಕು, ಆಮೇಲೆ ತುಣುಕು ತುಣುಕಾಗಿ ರೂಪ. ನೋಡುವ ದಿಕ್ಕು ಒಂದು, ಬರುವ ದಿಕ್ಕು ಇನ್ನೊಂದು. ಥಿಯೇಟರಿನಲ್ಲಿ ಹಿಂದಿನ ಸ್ಪೀಕರಿನಿಂದ ಸದ್ದು ಬಂದು ನಾವು ಬೆಚ್ಚುತ್ತೇವಲ್ಲ, ಅದನ್ನು ಕರೆಂಟಿಲ್ಲದೆ ಗದ್ದೆಯಲ್ಲಿ ಮಾಡುತ್ತಿದ್ದರು. ಬಣ್ಣದ ವೇಷಗಳಿಗೆ, ಅಂದರೆ ರಾಕ್ಷಸ ಪಾತ್ರಗಳಿಗೆ, ಮುಖದ ಮೇಲೆ ಅಕ್ಕಿಹಿಟ್ಟು ಸುಣ್ಣದ ಉಬ್ಬು ಚುಕ್ಕೆಗಳ ಚುಟ್ಟಿ ಇಡಲು ಗಂಟೆಗಟ್ಟಲೆ ಬೇಕು. ಅಷ್ಟು ಕಷ್ಟಪಟ್ಟು ಮಾಡಿದ ಮುಖವನ್ನೂ ಅವರು ಮೊದಲ ನಿಮಿಷಕ್ಕೇ ತೋರಿಸುವುದಿಲ್ಲ. ನಮ್ಮ ಸಿನಿಮಾದವರು ಗ್ರಾಫಿಕ್ಸಿಗೆ ದುಡ್ಡು ಕೊಟ್ಟ ಕೂಡಲೇ ಪೋಸ್ಟರಿನಲ್ಲೇ ತೋರಿಸಿಬಿಡುತ್ತಾರೆ.

ದುಡ್ಡಿಲ್ಲದ ಹಾರರಿನ ತುತ್ತತುದಿ ಅಂದರೆ ಸಿಕ್ಕಿದ ವಿಡಿಯೋ ಮಾದರಿ, ಅದೇ ಫೌಂಡ್ ಫುಟೇಜ್. ಯಾರೋ ತೆಗೆದ ವಿಡಿಯೋ ಆಮೇಲೆ ಕೈಗೆ ಸಿಕ್ಕಿತು ಅನ್ನುವ ಹಾಗೆ ಮಾಡುವ ಸಿನಿಮಾ. 1999ರಲ್ಲಿ ಬಂದ 'ದ ಬ್ಲೇರ್ ವಿಚ್ ಪ್ರಾಜೆಕ್ಟ್'. ಮೂವರು ನಟರ ಕೈಗೆ ಕ್ಯಾಮೆರಾ ಕೊಟ್ಟು ಮೇರಿಲ್ಯಾಂಡಿನ ಕಾಡಿಗೆ ಬಿಟ್ಟರು. ಎಂಟು ದಿನ. ಶೂಟ್ ಮಾಡಿದವರು ಅವರೇ. ದಿನದಿನಕ್ಕೆ ಊಟ ಕಡಿಮೆ ಮಾಡುತ್ತಾ ಹೋದರು, ಮುಖದಲ್ಲಿ ಸುಸ್ತು ನಿಜವಾಗಿ ಬರಲಿ ಅಂತ. ಇದು ಸರಿಯಾ ಅಂತ ಕೇಳಿದರೆ ನನಗೆ ಸರಿ ಅನಿಸುವುದಿಲ್ಲ, ಆದರೆ ಮಾಡಿದರು. ಗಳಿಸಿದ್ದು ಸುಮಾರು 25 ಕೋಟಿ ಡಾಲರು. ಕನ್ನಡದಲ್ಲಿ 2013ರಲ್ಲಿ '6-5=2' ಬಂದಾಗ ಇದು ನಿಜವಾಗಿ ಸಿಕ್ಕಿದ ವಿಡಿಯೋ ಅಂತಲೇ ನಂಬಿದವರು ನನ್ನ ಪರಿಚಯದಲ್ಲೇ ಇದ್ದಾರೆ. ಪಶ್ಚಿಮ ಘಟ್ಟಕ್ಕೆ ಚಾರಣ ಹೋದ ಗೆಳೆಯರ ಕಥೆ. ಅದನ್ನು ನೋಡಿದ ಮೇಲೂ ಚಾರಣಕ್ಕೆ ಹೋಗುವವರು ಕಡಿಮೆಯಾಗಲಿಲ್ಲ, ಕುಮಾರ ಪರ್ವತದಲ್ಲಿ ಶನಿವಾರ ಭಾನುವಾರ ಆಮೇಲೂ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಈ ಮಾದರಿಯಲ್ಲಿ ನನಗೆ ಬಹಳ ಹಿಡಿಸುವುದು 'ಪ್ಯಾರಾನಾರ್ಮಲ್ ಆಕ್ಟಿವಿಟಿ'. ಓರೆನ್ ಪೆಲಿ ಸ್ಯಾನ್ ಡಿಯಾಗೋದ ತನ್ನ ಸ್ವಂತ ಮನೆಯಲ್ಲೇ, ಸುಮಾರು 15,000 ಡಾಲರಿನಲ್ಲಿ ಮಾಡಿದ್ದು. ಮಲಗುವ ಕೋಣೆಯಲ್ಲಿ ಟ್ರೈಪಾಡಿನ ಮೇಲೆ ಒಂದು ಕ್ಯಾಮೆರಾ. ಅದು ಅಲುಗುವುದೇ ಇಲ್ಲ. ಹಾಸಿಗೆ, ಮಲಗಿದ ಇಬ್ಬರು, ಪಕ್ಕದಲ್ಲಿ ತೆರೆದ ಬಾಗಿಲು, ಬಾಗಿಲಾಚೆ ಕತ್ತಲು. ಪರದೆಯ ಮೂಲೆಯಲ್ಲಿ ಗಡಿಯಾರದ ಅಂಕಿ ಓಡುತ್ತಿರುತ್ತದೆ. ರಾತ್ರಿ ಪೂರ್ತಿ ತೋರಿಸಲಿಕ್ಕಾಗುವುದಿಲ್ಲವಲ್ಲ, ಅದಕ್ಕೆ ಜೋರಾಗಿ ಓಡಿಸುತ್ತಾರೆ. ಹನ್ನೆರಡು, ಒಂದು, ಎರಡು. ಇದ್ದಕ್ಕಿದ್ದ ಹಾಗೆ ಅಂಕಿ ನಿಧಾನವಾಗಿ ಮಾಮೂಲಿ ವೇಗಕ್ಕೆ ಇಳಿಯುತ್ತದೆ. ಅಷ್ಟೇ. ಬೇರೇನೂ ಆಗಿಲ್ಲ. ಆದರೆ ಥಿಯೇಟರಿನಲ್ಲಿ ಎಲ್ಲರೂ ನೆಟ್ಟಗೆ ಕೂರುತ್ತಾರೆ. ಬರೀ ನಾಲ್ಕು ಅಂಕಿ ನಿಧಾನವಾದದ್ದಕ್ಕೆ! ಕಣ್ಣು ಬಾಗಿಲಿಗೆ ಹೋಗುತ್ತದೆ, ಹೊದಿಕೆಗೆ ಹೋಗುತ್ತದೆ, ಮತ್ತೆ ಬಾಗಿಲಿಗೆ. ನಿರ್ದೇಶಕ ಎಲ್ಲಿ ನೋಡಬೇಕು ಅಂತ ಹೇಳುವುದೇ ಇಲ್ಲ, ನಾವೇ ಹುಡುಕಿ ಹುಡುಕಿ ಹೆದರುತ್ತೇವೆ.

ಇಷ್ಟು ಹೊತ್ತು ಹೊರಗಿನವರ ಮಾತಾಯಿತು. ನಮ್ಮ ಕಡೆ ಬರೋಣ.

ಭಾರತದ ದೆವ್ವಕ್ಕೆ ಬಿಳಿ ಸೀರೆ ಉಡಿಸಿ ಹಾಡು ಹಾಡಿಸಿದ್ದಕ್ಕೆ 1949ರ ಹಿಂದಿ 'ಮಹಲ್' ಬಹುಮಟ್ಟಿಗೆ ಕಾರಣ. ಕಮಾಲ್ ಅಮ್ರೋಹಿ ನಿರ್ದೇಶನ, ಜರ್ಮನಿಯಿಂದ ಬಂದಿದ್ದ ಜೋಸೆಫ್ ವಿರ್ಶಿಂಗ್ ಛಾಯಾಗ್ರಹಣ. ಕಪ್ಪು ಬಿಳುಪಿನ ಕಾಲದಲ್ಲಿ ಕತ್ತಲಲ್ಲಿ ಎದ್ದು ಕಾಣಬೇಕು ಅಂದರೆ ಬಿಳಿಗಿಂತ ಬೇರೆ ಬಣ್ಣ ಇಲ್ಲ. ಅದರ ಹಾಡಿನ ಬಗ್ಗೆ ಒಂದು ಮಾತು ಪ್ರಸಿದ್ಧ. ದನಿ ದೂರದಿಂದ ಹತ್ತಿರ ಬಂದ ಹಾಗೆ ಕೇಳಿಸಬೇಕಿತ್ತು. ಆಗ ಅದಕ್ಕೆ ಯಂತ್ರ ಇರಲಿಲ್ಲ. ಲತಾ ಮಂಗೇಶ್ಕರ್ ಮೈಕಿನಿಂದ ದೂರ ನಿಂತು, ಹಾಡುತ್ತಾ ಹಾಡುತ್ತಾ ನಡೆದು ಬಂದರು. ಎಂಥ ಸರಳ ಉಪಾಯ! ಕಲರ್ ಬಂದ ಮೇಲೂ ದೆವ್ವ ಬಿಳಿ ಸೀರೆ ಬಿಡಲಿಲ್ಲ. ಕಾರಣ ಹೋಯಿತು, ಸೀರೆ ಉಳಿಯಿತು.

ಕನ್ನಡದಲ್ಲಿ ನಮ್ಮ ತಲೆಮಾರಿಗೂ ಅದಕ್ಕೂ ಹಿಂದಿನವರಿಗೂ ನಿದ್ದೆಗೆಡಿಸಿದ ಸಿನಿಮಾ 'ನಾ ನಿನ್ನ ಬಿಡಲಾರೆ', 1979. ಅನಂತ್ ನಾಗ್ ಮತ್ತು ಲಕ್ಷ್ಮಿ. ಅದರಲ್ಲಿ ದೆವ್ವ ಹಿಡಿಯುವುದು ಗಂಡನಿಗೆ. ಇದು ಆಗ ದೊಡ್ಡ ವಿಷಯ. ದೆವ್ವ ಹಿಡಿಯುವುದು ಹೆಂಗಸರಿಗೆ, ಬಿಡಿಸುವುದು ಗಂಡಸರು ಅನ್ನುವ ರೂಢಿಯನ್ನು ತಿರುಗಿಸಿ ಹಾಕಿತು. ಕೊನೆಗೆ ರಾಯರು ಕಾಪಾಡುತ್ತಾರೆ ಅಂತ ಎಲ್ಲರಿಗೂ ಗೊತ್ತು. ಗೊತ್ತಿದ್ದರೂ ಹೆದರಿಕೆ ಕಡಿಮೆಯಾಗುವುದಿಲ್ಲ. ಯಾಕೆ ಅಂದರೆ ಅಲ್ಲಿ ತಂತ್ರಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಅನಂತ್ ನಾಗ್ ಅವರ ಕಣ್ಣು. ಮಾತಾಡುತ್ತಾ ಮಾತಾಡುತ್ತಾ ನೋಟ ಬದಲಾಗುತ್ತದೆ ನೋಡಿ, ಅದಕ್ಕೆ ಯಾವ ಗ್ರಾಫಿಕ್ಸೂ ಸಾಟಿ ಇಲ್ಲ. ಇವತ್ತಿನ ದೆವ್ವ ಹಿಡಿದ ನಟನಿಗೆ ಆ ಅವಕಾಶವೇ ಇಲ್ಲ. ಕಣ್ಣಿಗೆ ಬಿಳಿ ಲೆನ್ಸ್ ಹಾಕಿಬಿಡುತ್ತಾರೆ. ನಟನೆಯ ಅರ್ಧ ಆಸ್ತಿಯೇ ಹೋಯಿತು.

ನಮ್ಮ ಸಿನಿಮಾಕ್ಕೆ ಇರುವ ಇನ್ನೊಂದು ಕಷ್ಟ ಇಂಟರ್‌ವಲ್. ಹೆದರಿಕೆ ಕಟ್ಟಲು ಒಂದು ಗಂಟೆ ಬೇಕು. ಕಟ್ಟಿದ ಕೂಡಲೇ ಲೈಟು ಹಾಕಿ, ಪಾಪ್‌ಕಾರ್ನ್ ತಿನ್ನಿಸಿ, ಜಾಹೀರಾತು ತೋರಿಸಿ, ಮತ್ತೆ ಹೆದರಿ ಅನ್ನುತ್ತಾರೆ. ನಮ್ಮ ನಿರ್ದೇಶಕರಿಗೆ ಇದು ಗೊತ್ತು, ಹಾಗಾಗಿ ಇಂಟರ್‌ವಲ್ಲಿಗೆ ಒಂದು, ಕ್ಲೈಮ್ಯಾಕ್ಸಿಗೆ ಒಂದು ಅಂತ ಎರಡು ಶಿಖರ ಕಟ್ಟುತ್ತಾರೆ. ಹೊರದೇಶದ ಸಿನಿಮಾಗಳ ಪಾಡು ನೋಡಬೇಕು. ಅವಳು ಬಾಗಿಲ ಹಿಡಿಕೆಗೆ ಕೈ ಇಟ್ಟಿರುತ್ತಾಳೆ, ಅಲ್ಲೇ ಕತ್ತರಿಸುತ್ತಾರೆ. ಹತ್ತು ನಿಮಿಷ ಬಿಟ್ಟು ಬಾಗಿಲು ತೆರೆದರೆ ಯಾರಿಗೆ ಭಯ? ಇನ್ನು ಪಾತ್ರ ಸಿಗರೇಟು ಹಚ್ಚಿದ ಕೂಡಲೇ ಮೂಲೆಯಲ್ಲಿ ಧೂಮಪಾನದ ಎಚ್ಚರಿಕೆ. ಹಿಂದೆ ಕೊಡಲಿ ಹಿಡಿದು ನಿಂತವನ ಬಗ್ಗೆ ಏನೂ ಎಚ್ಚರಿಕೆ ಇಲ್ಲ, ಶ್ವಾಸಕೋಶದ ಬಗ್ಗೆ ಮಾತ್ರ.

ಆಮೇಲೆ ನಗು. ಹಾರರ್ ಮತ್ತು ಕಾಮಿಡಿ ಬೆರೆಸಿದರೆ ಹಾರರ್ ಕೆಡುತ್ತದೆ ಅನ್ನುವ ಶುದ್ಧ ಹಾರರ್ ಪ್ರೇಮಿಗಳಿದ್ದಾರೆ. ನಾನು ಆ ಪಂಗಡ ಅಲ್ಲ. 2018ರ ಹಿಂದಿ 'ಸ್ತ್ರೀ' ಗೆದ್ದದ್ದು ಹಾಗೆಯೇ. ಅದರ ಬೀಜ ನಮ್ಮದೇ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಮುತ್ತಲ ಊರುಗಳಲ್ಲೂ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ರಾತ್ರಿ ಬಂದು ಕರೆಯುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆ, ಮಾರನೇ ದಿನ ಬಂದರೂ ಅದೇ ಬರಹ. ಸರ್ಕಾರಿ ಕಚೇರಿಯ ಅನುಭವ ಇರುವ ಜನರೇ ಹುಟ್ಟಿಸಿದ ಕಥೆ ಇರಬೇಕು ಇದು. ಇಂಥ ಕಥೆ ಇಲ್ಲೇ ಬಿದ್ದಿತ್ತು, ಎತ್ತಿಕೊಂಡವರು ಅವರು. ನಮ್ಮವರು 2025ರಲ್ಲಿ 'ಸು ಫ್ರಮ್ ಸೋ' ಮಾಡಿ ಬಡ್ಡಿ ಸಮೇತ ತೀರಿಸಿಕೊಂಡರು ಅನ್ನಿ. ಅಲ್ಲಿ ಕರಾವಳಿಯ ಒಂದು ಊರು, ದೆವ್ವ ಹಿಡಿಯಿತು ಅನ್ನುವ ಗುಲ್ಲು, ಅದನ್ನು ನಂಬುವ ಊರ ಜನ. ಇಷ್ಟೇ ಸಾಕಾಯಿತು. ದೊಡ್ಡ ಸ್ಟಾರ್ ಬೇಡ, ದೊಡ್ಡ ಸೆಟ್ ಬೇಡ.

2016ರ 'ಯು ಟರ್ನ್' ಕೂಡ ಇದೇ ಸಾಲಿನದು. ನಿರ್ದೇಶಕ ಪವನ್ ಕುಮಾರ್ ಅವರಿಗೆ ಕಥೆ ಸಿಕ್ಕಿದ್ದು ಬೆಂಗಳೂರಿನ ಡಬಲ್ ರೋಡ್ ಫ್ಲೈಓವರಿನಲ್ಲಿ. ಬೈಕಿನವರು ಡಿವೈಡರಿನ ಕಲ್ಲು ಸರಿಸಿ ಯು ಟರ್ನ್ ಹೊಡೆಯುತ್ತಿದ್ದರು, ಕಲ್ಲು ಅಲ್ಲೇ ರಸ್ತೆಯಲ್ಲಿ ಬಿದ್ದಿರುತ್ತಿತ್ತು. ಪಾಳು ಬಂಗಲೆ ಇಲ್ಲ, ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಗೊಂಬೆ ಇಲ್ಲ. ದಿನಾ ಓಡಾಡುವ ರಸ್ತೆ, ದಿನಾ ಮಾಡುವ ಸಣ್ಣ ತಪ್ಪು. ಹಲವು ಭಾಷೆಗಳಿಗೆ ಹೋಯಿತು ಅದು.

ಹಾಗಾದರೆ ದುಡ್ಡು ಇರಲೇಬಾರದಾ ಅಂತ ಕೇಳಬಹುದು. ಹಾಗಲ್ಲ. 1973ರ 'ದ ಎಕ್ಸಾರ್ಸಿಸ್ಟ್' ದೊಡ್ಡ ಸ್ಟುಡಿಯೋದ ದೊಡ್ಡ ಖರ್ಚಿನ ಸಿನಿಮಾ. ಆ ದುಡ್ಡನ್ನು ಎಲ್ಲಿ ಹಾಕಿದರು ನೋಡಿ. ದೆವ್ವ ಹಿಡಿದ ಹುಡುಗಿಯ ಕೋಣೆಯ ಸೆಟ್ಟಿಗೆ ಶೈತ್ಯ ಯಂತ್ರ ಕೂರಿಸಿ ನೀರು ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡಿದರು. ಪಾದ್ರಿಗಳು ಪ್ರಾರ್ಥನೆ ಹೇಳುವಾಗ ಬಾಯಿಂದ ಹೊರಡುವ ಹಬೆ ನಿಜವಾದ ಹಬೆ. ನಡುಕವೂ ನಿಜ. 2018ರ 'ತುಂಬಾಡ್'ನಲ್ಲಿ ಕೃತಕ ಮಳೆ ಬೇಡ ಅಂತ ಮಹಾರಾಷ್ಟ್ರದ ಮಳೆಗಾಲಗಳನ್ನು ಒಂದರ ಮೇಲೊಂದು ಕಾದರು. ಅದರಲ್ಲಿರುವ ಆ ಭಯಂಕರ ಅಜ್ಜಿ ಯಾರು ಗೊತ್ತಾ? ಅದೇ ಸಿನಿಮಾದಲ್ಲಿ ಮಗನ ಪಾತ್ರ ಮಾಡಿದ ಹುಡುಗ, ಮೊಹಮ್ಮದ್ ಸಮದ್. ಮೈಮೇಲೆ ಮೇಕಪ್ ಹೊತ್ತು ಕೂತ. ಎದುರಿಗೆ ಇರುವ ನಟನಿಗೆ ನಿಜವಾಗಿ ನೋಡಲು ಏನೋ ಒಂದಿತ್ತು. ಇದು ಮುಖ್ಯ. ದೆವ್ವವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸುತ್ತೇವೆ ಅಂದಾಗ ನಟ ಹಸಿರು ಬಟ್ಟೆ ಸುತ್ತಿದ ಕೋಲನ್ನು ನೋಡಿ ಹೆದರಬೇಕು. ಕಣ್ಣು ಎಲ್ಲಿ ನೆಡಬೇಕು ಅಂತ ಅವನಿಗೇ ತಿಳಿಯುವುದಿಲ್ಲ. ನಮಗೆ ಅದು ಗೊತ್ತಾಗಿಬಿಡುತ್ತದೆ. ಬಾಯಿಂದ ಕಪ್ಪು ಹೊಗೆ ಬಿಡುತ್ತಾ ಕ್ಯಾಮೆರಾ ಕಡೆ ಹಾರಿ ಬರುವ ದೆವ್ವವನ್ನು ನೋಡಿ ಇತ್ತೀಚೆಗೆ ಯಾರಾದರೂ ಹೆದರಿದ್ದೀರಾ? ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದ ಮಗು ಕೈ ಚಾಚಿ ಹಿಡಿಯಲು ನೋಡುತ್ತಿತ್ತು.

ಜಪಾನಿನ 'ರಿಂಗು', 1998. ಟಿವಿಯಿಂದ ಹೊರಗೆ ಬರುವ ಹುಡುಗಿಯ ಆ ವಿಚಿತ್ರ ನಡಿಗೆ. ಅದಕ್ಕೂ ಕಂಪ್ಯೂಟರ್ ಬೇಕಾಗಲಿಲ್ಲ. ನಟಿಯನ್ನು ಹಿಂದೆ ಹಿಂದೆ ನಡೆಸಿ, ಫಿಲ್ಮನ್ನು ಉಲ್ಟಾ ಓಡಿಸಿದರು. ಕೈಕಾಲು ಮುಂದೆ ಬರುತ್ತವೆ, ಆದರೆ ಮೈಯ ತೂಕ ಎಲ್ಲೋ ತಪ್ಪಾಗಿದೆ. ಏನು ತಪ್ಪು ಅಂತ ಹೇಳಲಾಗುವುದಿಲ್ಲ, ಮೈ ಮಾತ್ರ ಜುಮ್ಮೆನ್ನುತ್ತದೆ.

ಉಪನ್ಯಾಸ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗ ಕೇಳಿದ ಪ್ರಶ್ನೆಯನ್ನೂ ಇಲ್ಲೇ 
ಸೇರಿಸುತ್ತೇನೆ. "ಸಾರ್, ನಮ್ಮ ಹತ್ತಿರ ಹತ್ತು ಲಕ್ಷ ಇದೆ. ಹಾರರ್ ಮಾಡಬೇಕು ಅಂತಿದ್ದೀವಿ. ಎಲ್ಲಿ ಖರ್ಚು ಮಾಡ್ಬೇಕು?"

ಕ್ಯಾಮೆರಾಕ್ಕೆ ಅಲ್ಲ ತಮ್ಮಾ, ಸೌಂಡಿಗೆ ಅಂದೆ. 'ಹ್ಯಾಲೋವೀನ್'ಗೆ ಸಂಗೀತ ಸೇರಿಸುವ ಮೊದಲು ಕಾರ್ಪೆಂಟರ್ ಅದನ್ನು ಒಂದು ಸ್ಟುಡಿಯೋದ ಅಧಿಕಾರಿಗೆ ತೋರಿಸಿದ್ದ. ಆಕೆಗೆ ಒಂದಿಷ್ಟೂ ಹೆದರಿಕೆ ಆಗಲಿಲ್ಲ. ಆಮೇಲೆ ಅವನೇ ಕೂತು ಕೆಲವೇ ದಿನದಲ್ಲಿ ಸಂಗೀತ ಮಾಡಿದ. ಚಿಕ್ಕವನಿದ್ದಾಗ ಅಪ್ಪ ಹೇಳಿಕೊಟ್ಟಿದ್ದ ಐದರ ಎಣಿಕೆ. ನಮ್ಮಲ್ಲಿ ಖಂಡ ನಡೆ ಗೊತ್ತಿರುವವರು ಅದಕ್ಕೆ ಆರಾಮಾಗಿ ತಾಳ ಹಾಕಬಹುದು. ನಾಲ್ಕಕ್ಕೆ ಒಗ್ಗಿದ ಕಿವಿಗೆ ಮಾತ್ರ ಪ್ರತಿ ಸುತ್ತಿನಲ್ಲೂ ಒಂದು ಹೆಜ್ಜೆ ಜಾಸ್ತಿ ಕೇಳಿಸುತ್ತದೆ, ಯಾರೋ ಹಿಂದೆ ಬರುತ್ತಿರುವ ಹಾಗೆ. ಅದೇ ದೃಶ್ಯಗಳು, ಅದೇ ಎರಡು ಡಾಲರಿನ ಮುಖವಾಡ, ಈಗ ಜನ ಕಿರುಚಿದರು. 'ಎಕ್ಸಾರ್ಸಿಸ್ಟ್' ಪಡೆದ ಎರಡು ಆಸ್ಕರುಗಳಲ್ಲಿ ಒಂದು ಸೌಂಡಿಗೇ. 1960ರ 'ಸೈಕೋ'ದಲ್ಲಿ ಚಾಕು ಚುಚ್ಚುವ ಸದ್ದಿಗೆ ಬಗೆಬಗೆಯ ಹಣ್ಣುಗಳನ್ನು ತರಿಸಿ ಒಂದೊಂದಕ್ಕೂ ಚಾಕು ಚುಚ್ಚಿಸಿ ಕೇಳಿದ್ದರು ನಿರ್ದೇಶಕ ಹಿಚ್‌ಕಾಕ್. ಕೊನೆಗೆ ಆರಿಸಿದ್ದು ಕರಬೂಜದ ಜಾತಿಯ ಒಂದು ಹಣ್ಣು. ರಕ್ತಕ್ಕೆ ಚಾಕೊಲೇಟ್ ಸಿರಪ್, ಕಪ್ಪು ಬಿಳುಪಿನಲ್ಲಿ ಯಾರಿಗೆ ಗೊತ್ತಾಗುತ್ತದೆ?

"ಮನೆ ಬಾಡಿಗೆಗೆ ಸಿಕ್ಕಿದೆ ಸಾರ್, ತೀರ್ಥಹಳ್ಳಿ ಹತ್ತಿರ," ಅಂದ. ಹಾಗಿದ್ದರೆ ಅರ್ಧ ಕೆಲಸ ಆಯಿತು ಅಂದೆ. ಒಂದು ಒಳ್ಳೆಯ ರೆಕಾರ್ಡರ್ ತೆಗೆದುಕೊಂಡು ಹೋಗಿ ಅಲ್ಲಿ ಮೊದಲು ನಾಲ್ಕು ರಾತ್ರಿ ಸುಮ್ನೆ ಮಲಗು. ಅಟ್ಟದ ಹಲಗೆ ಯಾವಾಗ ಸದ್ದು ಮಾಡುತ್ತದೆ, ಜೀರುಂಡೆ ಯಾವಾಗ ನಿಲ್ಲುತ್ತದೆ, ಅಡಕೆ ಸೋಗೆ ಬಿದ್ದರೆ ಹೇಗೆ ಕೇಳಿಸುತ್ತದೆ, ಎಲ್ಲ ಹಿಡಿದುಕೊಂಡು ಬಾ. ಕಥೆಯನ್ನು ಆಮೇಲೆ ಬರೆ. ಡ್ರೋನ್ ಬಾಡಿಗೆಗೆ ತರಬೇಡ. ಮೇಲಿನಿಂದ ನೋಡಿದರೆ ಯಾವ ಮನೆಯೂ ಹೆದರಿಸುವುದಿಲ್ಲ, ಬರೀ ಹೆಂಚು ಕಾಣಿಸುತ್ತದೆ. ಮುಗಿದ ಮೇಲೆ ನನಗೂ ತೋರಿಸು, ಆದರೆ ಮೊಬೈಲಿನಲ್ಲಿ ನೋಡಿ ಅಂತ ಲಿಂಕ್ ಕಳಿಸಬೇಡ.